ಸಾಲು ಕೊಡುವವನು

ಇನ್ವರ್ನೆಸ್ಸಿನ ಆಸ್ಪತ್ರೆಯಲ್ಲಿ, ಮಾರ್ಚ್ ತಿಂಗಳು,
ನನ್ನ ಧ್ವನಿಪೆಟ್ಟಿಗೆ ತೆಗೆದರು.
ಎಲ್ಲಿಟ್ಟಿರಿ ಅಂತ ಕೇಳಲಿಲ್ಲ,
ಕೇಳುವುದಕ್ಕೆ ಬೇಕಾದದ್ದೇ ಹೋಗಿತ್ತಲ್ಲ.

ಈಗ ಕೊರಳಲ್ಲೊಂದು ತೂತು. ಉಸಿರೆಲ್ಲ ಅದರಲ್ಲೇ.
ಮಾತು ಸ್ಲೇಟಿನ ಮೇಲೆ.
ಚಹಾ, ಅಂತ ಬರೆಯುತ್ತೇನೆ. ಕಿಟಕಿ ಹಾಕು.
ಇಶ್ಬೆಲ್ ಓದಿ, ಹಿಟ್ಟಿನ ಕೈಯಲ್ಲೇ ಒರೆಸುತ್ತಾಳೆ.
ನಲವತ್ತು ವರ್ಷದ ಸಂಸಾರದಲ್ಲಿ ನೀನು
ಇಷ್ಟು ಚುಟುಕಾಗಿ ಮಾತಾಡಿದ್ದೇ ಇಲ್ಲ ಎಂದು ನಗುತ್ತಾಳೆ.
ನಕ್ಕು ಹಿತ್ತಲಿಗೆ ಹೋಗುತ್ತಾಳೆ. ಬರುವುದು ತಡ.

ಮೂವತ್ತೊಂದು ವರ್ಷ, ಈ ದ್ವೀಪದ ದೇವಾಲಯದಲ್ಲಿ
ನಾನು ಸಾಲು ಕೊಡುವವನು.
ವಾದ್ಯವಿಲ್ಲ ನಮ್ಮಲ್ಲಿ, ಮೇಣದಬತ್ತಿಯಿಲ್ಲ,
ಕಿಟಕಿಯ ಗಾಜಿಗೂ ಬಣ್ಣವಿಲ್ಲ. ಹೊರಗೆ ಕಡಲು, ಅದೂ ಬೂದಿ.
ಒಬ್ಬ ಎದ್ದು ಕೀರ್ತನೆಯ ಒಂದೊಂದೇ ಸಾಲು ಎಸೆಯಬೇಕು,
ದೋಣಿಯಿಂದ ದಡಕ್ಕೆ ಹಗ್ಗ ಎಸೆದ ಹಾಗೆ.
ಜನ ಹಿಡಿಯುತ್ತಾರೆ, ಎಲ್ಲರೂ ಒಟ್ಟಿಗಲ್ಲ,
ಅವರವರ ಉಸಿರಿದ್ದಷ್ಟು, ಅವರವರ ಗಮಕದಲ್ಲಿ,
ಹಿಂದುಳಿದವರಿಗೆ ಒಮ್ಮೆ ಕಾದು, ಒಮ್ಮೆ ಕಾಯದೆ.
ಗೇಲಿಕ್ ತಿಳಿಯದವರಿಗೆ ಅಳುವಿನಂತೆ ಕೇಳುತ್ತದಂತೆ.
ನಮಗೂ, ಒಮ್ಮೊಮ್ಮೆ.

ಕಾಣಲು ಬಂದರು. ಕೇಕು ತಂದರು, ಮೀನು ತಂದರು.
ಸಭೆಯ ಹಿರಿಯ ಟಾರ್ಕಿಲ್ ತೊಡೆಯ ಮೇಲೆ ಟೋಪಿಯಿಟ್ಟು ಹೇಳಿದ:
"ಪುಟಕ್ಕಿಡದ ಚಿನ್ನ ಚಿನ್ನವೇ ಅಲ್ಲ, ಮುರ್ಡೊ."
ನಿನ್ನ ಮೊಣಕಾಲು ಹೇಗಿದೆ, ಅಂತ ಬರೆದು ತೋರಿಸಿದೆ.
ಅದಕ್ಕೂ ಮೊದಲು ಬರೆದದ್ದನ್ನು
ಅವನು ನೋಡುವ ಮುಂಚೆ ತೋಳಿನಿಂದ ಒರೆಸಿದ್ದೆ.

ರಾತ್ರಿ ಮೊಣಕಾಲೂರಿದರೆ ತುಟಿ ಆಡುತ್ತದೆ, ನಾಲಿಗೆ ಆಡುತ್ತದೆ,
ಕೊರಳ ತೂತಲ್ಲಿ ಗಾಳಿ ಮಾತ್ರ ಬುಸ್ ಎನ್ನುತ್ತದೆ
ತಿದಿ ಹರಿದ ಕುಲುಮೆಯಂತೆ.
ಕೊಟ್ಟವನು ನೀನು, ಎಂಬಲ್ಲಿವರೆಗೆ ಹೋಗುತ್ತೇನೆ.
ಮುಂದಿನ ಮಾತು ನನಗೆ ಗೊತ್ತು, ಎಳವೆಯಿಂದ ಗೊತ್ತು.
ಅಲ್ಲಿ ನಿಲ್ಲುತ್ತೇನೆ.
ಎಷ್ಟೋ ರಾತ್ರಿಗಳಾದವು, ಈಗಲೂ ಅಲ್ಲೇ.

ಬೆಸ್ ಸಿಳ್ಳೆಗೆ ಕಲಿತ ನಾಯಿ.
ಎರಡು ಮೋಟು ಸಿಳ್ಳೆಗೆ ಎಡಕ್ಕೆ, ಒಂದು ಉದ್ದಕ್ಕೆ ಮಲಗು.
ಏಪ್ರಿಲಿನಲ್ಲಿ ಗುಡ್ಡ ಹತ್ತಿದೆ. ಕುರಿಗಳು ಚದುರಿದ್ದವು.
ತುಟಿ ಕೂಡಿಸಿದೆ. ಉಸಿರು ಕೊರಳಲ್ಲೇ ಹೊರಬಿತ್ತು,
ತುಟಿಯವರೆಗೆ ಬರಲೇ ಇಲ್ಲ.
ಅದು ತಿರುಗಿ ನೋಡಿತು. ಕಾಯಿತು.
ಉರುವಲಿಗೆ ಕೊಯ್ದ ಒದ್ದೆ ಕರಿಮಣ್ಣಿನ ಮೇಲೆ ಕುಸಿದು ಕೂತೆ.
ಕುರಿಗಳನ್ನು ಬಿಟ್ಟು, ಯಾರೂ ಕರೆಯದೆ ಬಂದು
ನನ್ನ ಬೂಟಿನ ಮೇಲೆ ಗದ್ದವಿಟ್ಟಿತು.
ಈಗ ಅದು ನನ್ನ ಕೈ ನೋಡುತ್ತದೆ.
ಕೈ ಎತ್ತುವ ಮುಂಚೆಯೇ ಎಷ್ಟೋ ಸಲ ಎದ್ದಿರುತ್ತದೆ.

ಇದರಿಂದ ಏನೋ ಕಲಿತೆ ಎನ್ನುತ್ತಿಲ್ಲ. ನಾಯಿಯ ಕಥೆ ನಾಯಿಯದು.

ಜೂನಿನ ಎರಡನೆಯ ಸಬ್ಬತ್ತು, ಕೊರಳಿಗೆ ವಸ್ತ್ರ ಸುತ್ತಿ
ಕಟ್ಟಕಡೆಯ ಬೆಂಚಿನಲ್ಲಿ ಕೂತೆ.
ನನ್ನ ಜಾಗದಲ್ಲಿ ತಂಗಿಯ ಮಗ ರೂರಿ,
ಸಾಲ್ಮನ್ ಸಾಕಣೆಯಲ್ಲಿ ಕೆಲಸ, ಹೆಬ್ಬೆರಳಿಗೆ ಬ್ಯಾಂಡೇಜು.
ಬೋಧಕರು ಆರಿಸಿದ್ದು ಆ ಕೀರ್ತನೆ.
ಬೇರೆಯವು ಎಷ್ಟು ಗೋಳಾಡಿದರೂ ಕೊನೆಗೆ ಹೇಗೋ ಬೆಳಕಿಗೆ ತಿರುಗುತ್ತವೆ,
ಇದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ.
ಮೂವತ್ತೊಂದು ವರ್ಷದಲ್ಲಿ ನಾನದನ್ನು ಕೊಟ್ಟದ್ದು ಎರಡೇ ಸಲ,
ಎರಡು ಸಲವೂ ಗಂಟಲು ಚೆನ್ನಾಗಿತ್ತು,
ಲಕ್ಷ್ಯವೆಲ್ಲ ರಾಗದ ಮೇಲಿತ್ತು.

ಹುಡುಗ ಎತ್ತರ ಹಿಡಿದಿದ್ದ, ಬಹಳ ಎತ್ತರ.
ಸಾಲು ನಡುವೆ ಮುರಿಯಿತು.
ಯಾರೋ ಕೆಮ್ಮಿದರು.
ಆಗ ಟಾರ್ಕಿಲ್, ಪುಟದ ಚಿನ್ನದ ಟಾರ್ಕಿಲ್,
ಮೂಗಿನಲ್ಲಿ, ಅಪಸ್ವರದಲ್ಲಿ, ಅದನ್ನೆತ್ತಿಕೊಂಡ.
ಇಶ್ಬೆಲ್ ಎತ್ತಿಕೊಂಡಳು. ಕಿವಿ ಕೇಳದ ಶೋನಾಗ್ ಅಜ್ಜಿ,
ಮುಂದಿನವರ ಭುಜ ನೋಡಿಕೊಂಡು, ಎತ್ತಿಕೊಂಡಳು.
ಬೆಂಚಿನಿಂದ ಬೆಂಚಿಗೆ ಸಾಲು ಹಿಂದಕ್ಕೆ ಬಂತು.
ನಾನು ಬಾಯಿ ತೆರೆದೆ.
ಕೊರಳ ವಸ್ತ್ರ ಒಳಕ್ಕೆ ಹೊರಕ್ಕೆ ಆಡಿತು. ದನಿಯಿಲ್ಲ.
ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ತೆಗೆದೆ.

ಕತ್ತಲೆ ಎಂಬ ಪದವನ್ನು ಜನ ಬೇಗ ಬಿಡಲಿಲ್ಲ.

ಮನೆಗೆ ಬಂದು ಸ್ಲೇಟು ಹುಡುಕಿ ಬರೆದೆ:
ರೂರಿಗೆ ಹೇಳು,
ಇನ್ನೂ ಕೆಳಗಿನಿಂದ ಶುರುಮಾಡಲಿ.
ಇಶ್ಬೆಲ್ ಓದಿದಳು. ಕೈಯಲ್ಲಿ ಹಿಟ್ಟಿತ್ತು.
ಒರೆಸಲಿಲ್ಲ.