ಕಸ

"ಕಸ ಬಂತೇನ್ರೀ ಸಿಸ್ಟರ್?"
ಬಾಗಿಲ ಸಂದಿಯಿಂದ ಮೂರನೇ ಸಲ ಮೌಲಮ್ಮನ ಅತ್ತೆ.
ಇನ್ನೂ ಇಲ್ಲ.
ಕೂಸು ಬಂದು ಹದಿನೆಂಟು ನಿಮಿಷ,
ತಕ್ಕಡಿಯ ಮೇಲೆ ಎರಡು ಕೇಜಿ ಏಳ್ನೂರು,
ಅತ್ತು ಮುಗಿಸಿ ಈಗ ಮುಷ್ಟಿ ಚೀಪುತ್ತಿದೆ.
ಕಸ ಮಾತ್ರ ಒಳಗೇ ಕೂತಿದೆ,
ಚೀಲ ಕೈಗಿತ್ತರೂ ಹೊರಡದ ನೆಂಟನ ಹಾಗೆ.

ಶಹಾಪುರದ ಆಸ್ಪತ್ರೆ, ರಾತ್ರಿ ಎರಡೂಕಾಲು.
ಕಿಟಕಿಯಾಚೆ ಗುಡ್ಡ ಬುದ್ಧನಂತೆ ಮಲಗಿದೆ;
ಇಡೀ ತಾಲೂಕಿನಲ್ಲಿ ಈ ಹೊತ್ತು
ನಿದ್ದೆ ಹತ್ತಿರುವುದು ಅವನೊಬ್ಬನಿಗೇ.

ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾಯುತ್ತೇನೆ.
ತಾನೇ ಬಿಡುವ ಮುಂಚೆ ಎಳೆಯಬಾರದು. ಎಳೆದರೆ ನೆತ್ತರು.
ಕಾಯುವಾಗ ತಲೆ ಸುಮ್ಮನಿರುವುದಿಲ್ಲ.
ಹೋದ ತಿಂಗಳು ಕಲಬುರಗಿಯ ತರಬೇತಿಯಲ್ಲಿ
ಡಾಕ್ಟರ್ ನುಜ್ಹತ್ ಹೇಳಿದ್ದು:
ನಮ್ಮ ಡಿಎನ್‌ಎ ಬರಹದಲ್ಲಿ ನೂರಕ್ಕೆ ಎಂಟು ಪಾಲು
ಯಾವುದೋ ಕಾಲದ ವೈರಸ್ಸುಗಳ ಕೈಬರಹ.
ಬಂದವು, ನಡುವೆ ತಮ್ಮ ಸಾಲು ತುರುಕಿದವು,
ಅಂಡಕ್ಕೋ ವೀರ್ಯಕ್ಕೋ ಅಂಟಿ ತಲೆಮಾರು ದಾಟಿದವು,
ತಮ್ಮನ್ನೇ ನಕಲು ಮಾಡಿ
ಇಲ್ಲಿಂದೆದ್ದು ಅಲ್ಲಿ ಕೂತವು, ಅಲ್ಲಿಂದೆದ್ದು ಇನ್ನೆಲ್ಲೋ.
ಆಮೇಲೆ ಒಂದೊಂದೇ ಅಕ್ಷರ ಸವೆದು
ಮಾತೇ ಮರೆತವು.
ಹಿಂದಿನ ಪುಸ್ತಕಗಳು ಇದಕ್ಕೆ ಇಟ್ಟ ಹೆಸರೂ
ಕಸ.

ನನಗೆ ನಗು ಬಂದಿತ್ತು.
ಎದ್ದು ಹೊಂಟು ಬಂದು ಕೂತವರ ಲೆಕ್ಕ
ನಮ್ಮ ಸೀಮೆಗೆ ಕಲಿಸಬೇಕೆ?
ಈ ಮೌಲಮ್ಮ ಕುರುಬರಾಕಿ. ಗಂಡ ಹುಸೇನಪ್ಪ.
ಯಾವ ಮುತ್ತಜ್ಜಿ ಯಾವ ದರ್ಗಾಕ್ಕೆ ಸಕ್ಕರೆ ಓದಿಸಿದಳೋ,
ಹೆಸರು ಹೊಸ್ತಿಲು ದಾಟಿ ಬಂತು, ಮನೆಯದೇ ಆಯಿತು.
ಬೀರಪ್ಪನ ಮುಂದೆ ಹಣೆಗೆ ಭಂಡಾರ ಬಿದ್ದಾಗಲೂ
ಹುಸೇನಪ್ಪ ಹುಸೇನಪ್ಪನೇ.
ನಾನು ಜಲ್ದಿ ಅನ್ನುತ್ತೇನೆ, ಖರೆ ಅನ್ನುತ್ತೇನೆ, ದವಾಖಾನಿ ಅನ್ನುತ್ತೇನೆ;
ಇವನ್ನೆಲ್ಲ ಕಿತ್ತು ತೆಗೆದರೆ
ನನ್ನ ಬಾಯಲ್ಲಿ ಒಂದು ಹೆರಿಗೆ ಮಾಡಿಸುವಷ್ಟೂ
ಕನ್ನಡ ಉಳಿಯುವುದಿಲ್ಲ.

ಆದರೂ ತಡೀರಿ.
ಇದೇ ಕಟ್ಟಡದ ಆ ತುದಿಯ ವಾರ್ಡಿನಲ್ಲಿ, ಆ ಎರಡನೇ ಬೇಸಿಗೆ,
ಆರು ಜನರನ್ನು ನಾನು ಚೀಲದೊಳಗೆ ಸುತ್ತಿದ್ದೇನೆ.
ಒಬ್ಬಳು ನನ್ನ ಬಸಿಯಲ್ಲೇ ಚಹಾ ಕುಡಿಯುತ್ತಿದ್ದ
ಆಯಾ ತಿಪ್ಪವ್ವ.
ವೈರಸ್ಸಿಗೆ ಸ್ತುತಿ ಬರೆಯುವ ಕೈ ಇದಲ್ಲ.

ಇಪ್ಪತ್ತಾರನೇ ನಿಮಿಷ: ಬಳ್ಳಿ ಉದ್ದವಾಯಿತು,
ಹೊಟ್ಟೆ ಗುಂಡಗೆ ಗಟ್ಟಿಯಾಯಿತು,
ಬಿಸಿ ನೆತ್ತರಿನ ಜೊತೆ ಜಾರಿತು.
"ಬಂತವ್ವಾ, ಬಂತು!"

ತಟ್ಟೆಯಲ್ಲಿ ಹರಡಿ ನೋಡುತ್ತೇನೆ,
ಒಂದು ಚೂರೂ ಒಳಗೆ ಉಳಿದಿಲ್ಲವಷ್ಟೆ.
ಕೂಸಿನ ಕಡೆಯ ಮೈ ನುಣುಪು, ಬೂದುನೀಲಿ.
ತಾಯಿಯ ಕಡೆಯದು ಉತ್ತ ಹೊಲದಂತೆ ಹೆಂಟೆಹೆಂಟೆ ಕೆಂಪು.
ಅದರ ಮೇಲೆ, ನನ್ನ ಕಣ್ಣಿಗೆ ಕಾಣದ ಒಂದು ಪದರ:
ಲೆಕ್ಕವಿಲ್ಲದ ಕೋಶಗಳು ನಡುವಿನ ಗೋಡೆ ಕೆಡವಿ
ಒಂದೇ ಆಗಿ ನಿಂತದ್ದು.
ಆ ಕೆಡವುವ ವಿದ್ಯೆ ಯಾರದು ಅಂತೀರಿ?
ಕೋಶಕ್ಕೆ ಅಂಟಿ ಒಳನುಗ್ಗಲು
ಆ ಹಳೇ ಕಳ್ಳ ಇಟ್ಟುಕೊಂಡಿದ್ದ ಕನ್ನಗತ್ತರಿ.
ಕಳ್ಳ ಸತ್ತ. ಕತ್ತರಿ ಮನೆಯಲ್ಲೇ ಉಳಿಯಿತು.
ಮೌಲಮ್ಮನ ರಕ್ತ ಕೂಸಿನ ರಕ್ತಕ್ಕೆ ಬೆರೆಯದೆ
ಅನ್ನ ದಾಟಲಿ, ಉಸಿರು ದಾಟಲಿ ಎಂದು
ಒಂಬತ್ತು ತಿಂಗಳು ಅದೇ ಕಾವಲು.

ಹೊರಗೆ ಹುಸೇನಪ್ಪನಿಗೆ ಅರ್ಧಂಬರ್ಧ ಹೇಳಿದೆ.
ಕಂಬಳಿ ಹೆಗಲಿಗೆ ಏರಿಸಿ ಕೇಳಿದ:
"ನಮ್ಮ ಕುರಿಗೂ ಹಿಂಗೇನ್ರಿ?"
ಹೌದು. ಆದರೆ ಕುರಿಯ ಕಳ್ಳ ಬೇರೆ.
ಬೇರೆ ಕಾಲಕ್ಕೆ, ಬೇರೆ ಹಿತ್ತಲು ಹಾರಿ ಬಂದವನು
ಅವನೂ ಇದೇ ಕೆಲಸಕ್ಕೆ ನಿಂತ.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಹಂಗಾರ ನಾಯಿಗೆ ಸಿಗದಂಗ ಆಳಕ್ಕ ಹುಗೀಬೇಕು."

ಅತ್ತೆ ಗಡಿಗೆ ತಂದಿದ್ದಾಳೆ, ಉಪ್ಪು, ಬೇವಿನ ಸೊಪ್ಪು.
ನಿಯಮದ ಪ್ರಕಾರ ಇದು ಹಳದಿ ಚೀಲಕ್ಕೆ.
ರಿಜಿಸ್ಟರಿನಲ್ಲಿ ಬರೆಯುತ್ತೇನೆ: ಮಾಸು, ಪೂರ್ಣ.
ಚೀಲದ ಬಾಯಿ ಬಿಡಿಸುತ್ತೇನೆ.
ಗಡಿಗೆ ಹಿಡಿದ ಮುದುಕಿ ಬಾಗಿಲಲ್ಲೇ ಇದ್ದಾಳೆ.
ಕಸದ ಗಾಡಿ ಬರುವುದು ಎಂಟಕ್ಕೆ.