ಹೊಸ್ತಿಲಿನ ಈಚೆ ಓದಿದ್ದು

ಏಳನೇ ಕ್ಲಾಸು ಪಾಸಾದವಳೆಂದು ನನ್ನನ್ನು ಕರೆಸಿದರು
ಕೊಪ್ಪಳದ ಕೋಟೆ ಓಣಿಯ ದೇಸಾಯರ ವಾಡೆಗೆ.
ಅವ್ವಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು,
ಕಾದಂಬರಿಯ ಚಟ ಹೋಗಿರಲಿಲ್ಲ.
ದಿನಕ್ಕೆ ನಾಲ್ಕಾಣೆ, ದೀಪಾವಳಿಗೊಂದು ಕುಬಸ.
ಕೂರುವ ಜಾಗ ಹೊಸ್ತಿಲಿನ ಈಚೆ,
ಶಹಾಬಾದ ಕಲ್ಲಿನ ಮೇಲೆ.

ಪುಸ್ತಕ ಬರುತ್ತಿದ್ದವು ಗದಗಿನ ಬಾಡಿಗೆ ಲೈಬ್ರರಿಯಿಂದ,
ಕೆಂಪು ರಟ್ಟು, ಒಳಗೆ ಯಾರ್ಯಾರದೋ ಎಣ್ಣೆಬೆರಳು.
ಎಲ್ಲದರಲ್ಲೂ ಒಂದು ಕೋಟೆ,
ಕೋಟೆಗೊಬ್ಬಳು ರಾಜಕುಮಾರಿ,
ಅವಳ ಮಂಚಕ್ಕೂ ಕುದುರೆಲಾಯಕ್ಕೂ ನಡುವೆ
ಮುನ್ನೂರು ಪುಟ.
ಯುದ್ಧ ಬಂದರೆ ನನಗೆ ಹಿಗ್ಗು,
ಯುದ್ಧದಲ್ಲಿ ವಾಕ್ಯಗಳು ಸಣ್ಣವು.
ಬೆಳದಿಂಗಳು ಬಂದರೆ ಸುಸ್ತು,
ಒಂದೊಂದು ಸಮಾಸ
ನಮ್ಮೋಣಿಯ ನಳದ ಮುಂದಿನ ಸಾಲಿನಷ್ಟುದ್ದ.

"ಸಾವಕಾಶ ಓದ ಹುಲಿಗಿ,
ಅಕಿ ಬುರುಜು ಇಳಿಯಾಕತ್ಯಾಳ,
ನೀ ಯಾಕ ಓಡ್ತಿ?"

ಓದಿ ಓದಿ ಗಂಟಲೊಣಗಿದರೆ
ಒಳಗಿನಿಂದ ಚೊಂಬು ಬರುತ್ತಿತ್ತು.
ಮೇಲಿಂದ ಹೊಯ್ಯುತ್ತಿದ್ದರು, ನಾನು ಬೊಗಸೆಯೊಡ್ಡುತ್ತಿದ್ದೆ.
ಅಷ್ಟೊತ್ತಿಗೆ ಪುಸ್ತಕದಲ್ಲಿ ರಾಜಕುಮಾರಿ
ಕುದುರೆ ಕಾಯುವವನ ಎಂಜಲು ನೀರು ಕುಡಿದಿರುತ್ತಿದ್ದಳು,
ಅವ್ವಸಾಹೇಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.
ಒಂದು ಸಲ ನನ್ನ ಮೊಣಕೈಯಿಂದಿಳಿದ ನೀರು
ಎಪ್ಪತ್ತೆರಡನೇ ಪುಟದ ಮೇಲೆ ಬಿದ್ದು
ಇಬ್ಬರು ಪ್ರೇಮಿಗಳ ಹೆಸರೂ ಊದಿಕೊಂಡವು.

ಸೊಸೆಯಂದಿರು ಹವೀಜ ಆರಿಸುತ್ತ ಕೇಳುತ್ತಿದ್ದರು.
ಹಡಗಲಿಯಿಂದ ಬಂದ ಸಣ್ಣವಳು ಅಂದೇಬಿಟ್ಟಳು:
"ಅತ್ತಿ, ನಮ್ಮ ಮನಿ ಹುಡುಗಿ ಹಿಂಗ ಮಾಡಿದ್ರ?"
"ಅದು ಪುಸ್ತಕ. ಹವೀಜ ಆರಸು."

ಆ ಶ್ರಾವಣದ ಪುಸ್ತಕದಲ್ಲಿ
ರಕ್ತ ಮೆತ್ತಿದ ಅವನ ರುಮಾಲು ಬೆಳ್ಳಿ ತಟ್ಟೆಯಲ್ಲಿ ಬರುತ್ತದೆ,
ಜೊತೆಗೆ ಅವನ ಕೊನೆಯ ಮಾತು, ಒಂದೂವರೆ ಪುಟ.
ದನಿ ನಡುಗಿಸಿ ಓದುತ್ತಿದ್ದೆ,
ಕಲಿತುಬಿಟ್ಟಿದ್ದೆ ಅದನ್ನೂ.

"ನಿಲ್ಲಸು. ಹಂಗ ಬರಂಗಿಲ್ಲ."

ಸೊಸೆಯಂದಿರು ಕುಕನೂರಿಗೆ ಮದುವೆಗೆ ಹೋಗಿದ್ದರು.
ಗಡಿಯಾರ, ನಾನು, ಅವರು.

"ರಜಾಕಾರರ ಕಾಲ. ನಮ್ಮ ಲಾಯದ ಜಂಬ
ಮುಂಡರಗಿ ಕ್ಯಾಂಪಿಗೆ ಹೋದ, ಮೋತಿ ಮ್ಯಾಲೆ.
ನಾನಽ ಅಗಳಿ ತಗದಿದ್ದೆ.
ರುಮಾಲು ಬರಲಿಲ್ಲ, ಮಾತು ಬರಲಿಲ್ಲ.
ಹನ್ನೊಂದು ದಿನಕ್ಕ ಕುದುರಿ ಒಂದಽ ಬಂತು,
ಬರಿ ಬೆನ್ನು,
ದಾರ್ಯಾಗ ಯಾರದೋ ಜ್ವಾಳ ಮೇದು ಹೊಟ್ಟಿ ತುಂಬಿಸ್ಕೊಂಡು.
ಲಾಳ ಸವದಾವ ಅಂತ ನಮ್ಮ ಮಾವನವರು ಬೈದರು."

ಜಂಬ ನಮ್ಮಜ್ಜಿಯ ತಮ್ಮ.
ನಮ್ಮ ಮನೆಯಲ್ಲಿ ಅವನ ಹೆಸರು, ಕುದುರೆಗಳ್ಳ.
ಕುದುರೆ ಮರಳಿತು, ಜೀನು ಮರಳಲಿಲ್ಲ.
ಜೀನಿನ ಬೆಳ್ಳಿಯ ಲೆಕ್ಕಕ್ಕೆ ನಮ್ಮಜ್ಜಿ
ಆರು ವರ್ಷ ಇದೇ ವಾಡೆಯ ಸಗಣಿ ಬಳಿದಳು.
ಅಗಳಿ ತೆಗೆದ ಕೈ
ಆರೂ ವರ್ಷ ಮೇಲಿಂದ ನೀರು ಹೊಯ್ದಿರಬೇಕು.

"ಹಂಗಾದ್ರ ಅವ ಕದ್ದಿದ್ದಿಲ್ಲ?" ಅಂದೆ.
"ಕತ್ತಲಾತು. ನಾಳೆ ಬಾ."

ಮರುದಿನ ಸೊಸೆಯಂದಿರೆಲ್ಲ ಬಂದು ಕೂತರು, ಮೊರ ಹಿಡಿದು.
"ಎಲ್ಲಿಗೆ ನಿಲ್ಲಿಸಿದ್ದಿವಿ?" ಎಂದು ಕೇಳಿದರು ಅವ್ವಸಾಹೇಬರು,
ಏನೂ ಆಗದವರ ಹಾಗೆ.
ನಾನು ಬೆಳ್ಳಿ ತಟ್ಟೆ ಬಿಟ್ಟೆ, ರುಮಾಲು ಬಿಟ್ಟೆ,
ಅಚ್ಚಿನ ಮೇಲೆ ಬೆರಳಿಟ್ಟುಕೊಂಡೇ
ಅಲ್ಲಿ ಇರದಿದ್ದನ್ನು ಓದಿದೆ:
ತುಂಬಿದ ಸಭೆಯಲ್ಲಿ ರಾಜಕುಮಾರಿ ಎದ್ದು ನಿಂತಳು.
ಅವನು ಕಳ್ಳನಲ್ಲ, ಎಂದಳು. ಬಾಗಿಲು ತೆಗೆದವಳು ನಾನು.

ಮೊರಗಳು ನಿಂತವು.
ಹಡಗಲಿಯವಳು ಅತ್ತೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ.
"ಭಾಳ ಸುಳ್ಳು ಬರದಾರ," ಅಂದರು ಅವ್ವಸಾಹೇಬರು ಕೊನೆಗೆ.
"ಗದಗಿಗೆ ವಾಪಸ್ ಕಳಸ್ರಿ."

ಹೊರಟಾಗ ನಾಲ್ಕಾಣೆ
ಎಂದಿನಂತೆ ಮೇಲಿಂದಲೇ ಅಂಗೈಗೆ ಬಿತ್ತು.
ಬಿಸಿಯಾಗಿತ್ತು,
ಬಹಳ ಹೊತ್ತು ಯಾರೋ ಮುಷ್ಟಿಯಲ್ಲಿ
ಬಿಗಿಹಿಡಿದು ಕೂತಿದ್ದ ಹಾಗೆ.