ಹೊರಬಳೆ

ಸ್ಕ್ರೂಡ್ರೈವರಿನ ತುದಿ ಪಂಪಿನ ಮೈಗೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಹೀಗೆ ಹಿಡಿದು ಕೇಳು ಎಂದು ಕಲಿಸಿದವನು
ಮರ್ವ್ ಟ್ರೆಗೆನ್ಜಾ, ಬ್ಯಾಲರಾಟಿನ ಫಿಟ್ಟರ್.
ಕಡಕೋಳ ಎನ್ನಲು ನಾಲಿಗೆ ಹೊರಳದೆ
ಮೊದಲ ವಾರವೇ ನನ್ನನ್ನು ‘ಕಾಡಿ’ ಮಾಡಿದ.
ಕಾಡಿ ಬೇಡಿ ಗಿಟ್ಟಿಸಿದ ಕೆಲಸ; ಹೆಸರು ಒಪ್ಪುತ್ತಿತ್ತು.

ಒಳ್ಳೆಯ ಬೇರಿಂಗು ಮಾತಾಡುವುದಿಲ್ಲ, ಗುನುಗುತ್ತದೆ.
ಕೆಡಲು ಹೊರಟದ್ದು
ಖಡಕ್ ರೊಟ್ಟಿ ಮುರಿದ ಹಾಗೆ, ಅಲ್ಲಲ್ಲಿ, ಸಣ್ಣಗೆ.
ರೊಟ್ಟಿ ಅಂದರೆ ಅವನಿಗೇನು ಗೊತ್ತು?
ಒಂದು ಸೋಮವಾರ ಡಬ್ಬಿಯಲ್ಲಿ ತಂದು
ಅವನ ಕಿವಿಯ ಬಳಿ ಮುರಿದೆ.
ಕಣ್ಣು ಮುಚ್ಚಿ ಕೇಳಿದ.
‘ಹೊರಬಳೆ,’ ಅಂದ. ‘ಇನ್ನು ಮೂರು ವಾರ.’

ಆಮೇಲೆ ಏಣಿ. ಶಿಫ್ಟ್ ಎಂಜಿನಿಯರ್, ಪ್ಲಾಂಟ್ ಮ್ಯಾನೇಜರ್,
ಒಂದು ದಿನ ಸೇಫ್ಟಿ ಬೂಟು ಕಾರಿನ ಡಿಕ್ಕಿಗೆ ಹೋಯಿತು,
ಡಿಕ್ಕಿಯಿಂದ ಗ್ಯಾರೇಜಿಗೆ,
ಗ್ಯಾರೇಜಿನಿಂದ ಎಲ್ಲಿಗೋ.
ಉಗುರಿನ ಸಂದಿಯ ಗ್ರೀಸು ಹೋಗಲು ಒಂದು ವರ್ಷ ಹಿಡಿಯಿತು,
ಹೋದದ್ದು ಗೊತ್ತಾಗಲು ಹತ್ತು.

ಈಗ ಮೆಲ್ಬರ್ನಿನ ಕಾಲಿನ್ಸ್ ಸ್ಟ್ರೀಟು, ಮೂವತ್ತೊಂದನೇ ಮಹಡಿ.
ಗಾಜಿನಾಚೆ ಯಾರಾ ನದಿ, ಕಂದು, ಅವಸರವಿಲ್ಲದ್ದು.
ಪರದೆಯ ಮೇಲೆ ಬ್ಯಾಲರಾಟು ಒಂದು ಕಂಬ,
ಉಳಿದವಕ್ಕಿಂತ ಗೇಣು ಗಿಡ್ಡ.
ಅಡಿಯಲ್ಲಿ ನೂರ ಹನ್ನೆರಡು ಎಂಬ ಅಂಕಿ.
ಅದರಲ್ಲಿ ಮರ್ವ್ ಇಲ್ಲ, ಅವನು ಮಣ್ಣಾಗಿ ಆರು ವರ್ಷ.
ಮಗಳಿದ್ದಾಳೆ, ಬ್ಯಾಲೆನ್ಸಿಂಗ್ ಸೆಕ್ಷನ್ನಿನಲ್ಲಿ.

‘ಕ್ರಮಬದ್ಧ ಮುಕ್ತಾಯ’ ಎಂಬ ಮಾತು ನನ್ನದೇ.
ಮೊದಲ ಕರಡಿನಲ್ಲಿ ‘ಮುಚ್ಚುವುದು’ ಎಂದಿತ್ತು.

ಕೈ ಎತ್ತುವ ಹೊತ್ತಿಗೆ
ತಲೆಯ ಮೇಲೆ, ಚಾವಣಿಯ ಜಾಲರಿಯೊಳಗೆ,
ರೊಟ್ಟಿ ಮುರಿಯಿತು.
ಮತ್ತೆ.
ಎಂಟು ಜನ, ಎಂಟು ಗ್ಲಾಸು ನೀರು. ಯಾರಿಗೂ ಕೇಳಲಿಲ್ಲ.

ಕೈ ಎತ್ತಿದೆ.
ಎತ್ತಲಿಲ್ಲವೆಂದು ಬರೆಯಬಹುದಿತ್ತು, ಕವಿತೆ ತಾನೆ.

ಸಂಜೆ ಬೇಸ್‌ಮೆಂಟಿಗಿಳಿದು ದೂರಿನ ಚೀಟಿ ಕೇಳಿದೆ.
‘ಈಗೆಲ್ಲ ಫೋನಿನಲ್ಲೇ,’ ಎಂದ ಹೊಸ ಹುಡುಗ ತುಆನ್
ನನ್ನ ಮುಖ ನೋಡಿ, ಡ್ರಾಯರು ತಡಕಿ,
ಅಂಚು ಹಳದಿಯಾದ ಪುಸ್ತಕವೊಂದನ್ನು ಕೊಟ್ಟ.
ಬರೆದೆ: ಮೂವತ್ತೊಂದು, ಗಾಳಿ ಫ್ಯಾನು, ಹೊರಬಳೆ. ಮೂರು ವಾರ.
ಹೆಸರಿನ ಜಾಗದಲ್ಲಿ ಕೈ ತಾನಾಗಿ ಗೀಚಿತು, ಕಾಡಿ.

ಅವನು ಎರಡು ಸಲ ಓದಿ ತಲೆಯೆತ್ತಿದ:
ನೀವು ಯಾವ ಕಂಪನಿಯ ಫಿಟ್ಟರು?